ಹದಿನೆಂಟಾದ ಮೇಲೆ

ವಿಶೇಷ ಶಾಲೆಗೆ ಹೋಗುವ ಮಕ್ಕಳ ತಂದೆ–ತಾಯಿಗೆ ಹದಿನೆಂಟನೆಯ ಹುಟ್ಟುಹಬ್ಬ ಹತ್ತಿರ ಬಂದಷ್ಟೂ ಚಿಂತೆ ಹೆಚ್ಚುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು ಆರರಿಂದ ಹದಿನೆಂಟು ವರ್ಷದವರೆಗೆ. ಅಲ್ಲಿಯತನಕ ಬೆಳಿಗ್ಗೆ ವ್ಯಾನು ಬರುತ್ತದೆ, ಟಿಫಿನ್ ಡಬ್ಬಿ ತುಂಬುತ್ತದೆ, ಮಿಸ್ಸು ಡೈರಿಯಲ್ಲಿ ಏನಾದರೂ ಬರೆದು ಕಳಿಸುತ್ತಾರೆ. ಆಮೇಲೆ? ಹುಡುಗ ಟಿವಿ ಮುಂದೆ, ಹುಡುಗಿ ಅಮ್ಮನ ಹಿಂದೆ ಅಡುಗೆಮನೆಯಲ್ಲಿ. ಹೀಗೇ ಒಂದೆರಡು ವರ್ಷ ಉರುಳಿದರೆ ಗಡಿಯಾರ ನೋಡುವುದು, ಚಿಲ್ಲರೆ ಎಣಿಸುವುದು ಮರೆಯುತ್ತಾ ಬರುತ್ತದೆ. ಇಷ್ಟು ವರ್ಷ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಕಾನೂನಿನಲ್ಲಿ ಕೆಲಸದ ಮಾತೂ ಇದೆ. 1995ರ ಹಳೆಯ ಕಾಯ್ದೆಯ ಶೇ 3ರ ಮೀಸಲಾತಿಯಲ್ಲಿ ಬುದ್ಧಿಮಾಂದ್ಯರಿಗೆ ಪಾಲೇ ಇರಲಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರೂ ಅದರಲ್ಲಿರಲಿಲ್ಲ. ಹೊಸ ಕಾಯ್ದೆ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿ, ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇಷ್ಟೂ ಮಂದಿಗೆ ಸೇರಿಸಿ ಇಟ್ಟಿದೆ. ಡಿಸ್ಲೆಕ್ಸಿಯಾ ಇರುವ ಜಾಣ ಹುಡುಗಿ ಹೆಚ್ಚುವರಿ ಸಮಯ ಪಡೆದು ಪರೀಕ್ಷೆ ಬರೆದು ಅಲ್ಲಿಗೆ ತಲುಪಿಯಾಳು. ಬೌದ್ಧಿಕ ಅಸಾಮರ್ಥ್ಯ ಇರುವವರು ಸ್ಪರ್ಧಾತ್ಮಕ ಪರೀಕ್ಷೆ ದಾಟಿ ಸರ್ಕಾರಿ ಕುರ್ಚಿ ಹಿಡಿಯುವುದು ಅಪರೂಪದಲ್ಲಿ ಅಪರೂಪ. ಅವರಿಗೆ ಉಳಿಯುವುದು ಹೋಟೆಲು, ಅಂಗಡಿ, ಆಸ್ಪತ್ರೆ, ಗೋದಾಮು.

ಅದಕ್ಕೆಂದು ವೃತ್ತಿ ತರಬೇತಿ ಕೇಂದ್ರಗಳಿವೆಯಲ್ಲ ಎನ್ನುತ್ತೀರಿ. ಇವೆ. ದೀಪಾವಳಿಗೆ ಹಣತೆಗೆ ಬಣ್ಣ, ವರ್ಷಪೂರ್ತಿ ಪೇಪರ್ ಕವರು, ಮೇಣದಬತ್ತಿ, ಫಿನಾಯಿಲು. ನಾವೂ ‘ಪಾಪ’ ಎಂದುಕೊಂಡು ಎರಡು ಡಜನ್ ಹಣತೆ ಕೊಂಡು ಬರುತ್ತೇವೆ. ಅಲ್ಲಿನ ಮೇಷ್ಟ್ರು, ಮೇಡಂಗಳ ಶ್ರದ್ಧೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಇಪ್ಪತ್ತರ ಹರೆಯದಲ್ಲಿ ತರಬೇತಿಗೆ ಸೇರಿದವರು ತಲೆಗೂದಲು ನರೆತ ಮೇಲೂ ತರಬೇತಿಯಲ್ಲೇ ಇರುವುದನ್ನು ನೋಡಿದಾಗ, ಇವರು ಯಾವ ಕೆಲಸಕ್ಕೆ ತಯಾರಾಗುತ್ತಿದ್ದಾರೆ ಎಂದು ಕೇಳಬೇಕೆನಿಸುತ್ತದೆ. ಮೊದಲು ಪೂರ್ತಿ ಕಲಿಯಲಿ, ಆಮೇಲೆ ಕೆಲಸ ಹುಡುಕೋಣ ಎಂಬ ಲೆಕ್ಕಾಚಾರವೇ ಇಲ್ಲಿ ತಪ್ಪುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಅನ್ವಯಿಸುವುದೇ ಇವರಿಗೆ ಕಷ್ಟ. ಕೇಂದ್ರದ ಟ್ರೇಯಲ್ಲಿ ಕಪ್ಪು ಜೋಡಿಸುವುದನ್ನು ಆರು ತಿಂಗಳು ಕಲಿತವನು ದರ್ಶಿನಿಯ ಕೌಂಟರಿಗೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಈ ಕ್ರಮವನ್ನು ತಿರುಗಿಸಿ ಹಾಕಿದ್ದು ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆ. 1996ರಲ್ಲಿ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದ ನರ್ಸ್ ಎರಿನ್ ರೀಲ್‌ಗೆ ಒಂದು ತಲೆನೋವಿತ್ತು. ಕಪಾಟುಗಳಲ್ಲಿ ಸಿರಿಂಜು, ಬ್ಯಾಂಡೇಜು ಖಾಲಿಯಾದಂತೆ ತುಂಬಿಡುವ ಕೆಲಸಕ್ಕೆ ಬಂದವರು ನಿಲ್ಲುತ್ತಿರಲಿಲ್ಲ. ದಿನವೂ ಅದೇ ಕೆಲಸ, ಒಂದೂ ತಪ್ಪುವಂತಿಲ್ಲ. ಬೌದ್ಧಿಕ ಅಸಾಮರ್ಥ್ಯ ಇರುವ ಯುವಕರು ಇದಕ್ಕೆ ಸರಿಹೊಂದಬಹುದೆಂದು ಆಕೆ ಯೋಚಿಸಿದರು. ‘ಪ್ರಾಜೆಕ್ಟ್ ಸರ್ಚ್’ ಎಂಬ ಆ ಯೋಜನೆಯಲ್ಲಿ ಶಾಲೆಯ ಕೊನೆಯ ವರ್ಷ ನಡೆಯುವುದೇ ಕೆಲಸದ ಜಾಗದಲ್ಲಿ. ವಿದ್ಯಾರ್ಥಿಗಳು ಕೆಲವು ವಾರ ಒಂದು ವಿಭಾಗ, ಆಮೇಲೆ ಇನ್ನೊಂದು ಎಂದು ಓಡಾಡುತ್ತಾರೆ. ಶಿಕ್ಷಕರು ಅಲ್ಲಿಗೇ ಬರುತ್ತಾರೆ. ಈಗ ಬ್ರಿಟನ್ ಸೇರಿದಂತೆ ಹಲವು ದೇಶಗಳಿಗೆ ಅದು ಹಬ್ಬಿದೆ. ಇದು ಶುರುವಾದದ್ದು ದಯೆಯಿಂದಲ್ಲ, ಕೆಲಸಕ್ಕೆ ಜನ ಸಿಗದ ಪೇಚಿನಿಂದ ಎಂಬುದೇ ನನಗೆ ಇಷ್ಟವಾದ ಸಂಗತಿ.

ಕೆಲಸದ ಜಾಗದಲ್ಲೇ ಕಲಿಯುವುದನ್ನು ಹತ್ತಿರದಿಂದ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕಡೆಯ ಒಂದು ಬೇಕರಿಯಲ್ಲಿ ರಸ್ಕ್ ಪ್ಯಾಕ್ ಮಾಡಲು ಅಂಥ ಹುಡುಗನೊಬ್ಬ ಬಂದ. ಜೊತೆಗೆ ಅವನನ್ನು ಕೆಲಸಕ್ಕೆ ಸೇರಿಸಿದ ಸಂಸ್ಥೆಯಿಂದ ಒಬ್ಬ ಹೆಣ್ಣುಮಗಳು. ಹುದ್ದೆಯ ಹೆಸರು ಜಾಬ್ ಕೋಚ್, ಅವನಿಗೆ ಅಕ್ಕ. ಪ್ಯಾಕೆಟ್ಟಿಗೆ 200 ಗ್ರಾಂ ಎಂದು ಹೇಳಿಕೊಟ್ಟರು. ತಕ್ಕಡಿ ಒಮ್ಮೆ 194 ತೋರಿಸಿತು, ಒಂದು ರಸ್ಕ್ ಹಾಕಿದರೆ 206. ಹುಡುಗ ತೆಗೆದ, ಹಾಕಿದ, ತೆಗೆದ. ಸರಿಯಾಗಿ 200 ಬರಲೇ ಇಲ್ಲ, ಪ್ಯಾಕೆಟ್ಟೂ ಮುಗಿಯಲಿಲ್ಲ. ‘ಆಗಲ್ಲ ಮೇಡಂ, ಕರ್ಕೊಂಡು ಹೋಗಿ’ ಎಂದರು ಮಾಲೀಕರು. ಆಕೆ ಹೋಗಲಿಲ್ಲ. ಬಡಗಿಯ ಹತ್ತಿರ ಹದಿನೇಳು ಖಾನೆಯ ಒಂದು ಮರದ ತಟ್ಟೆ ಮಾಡಿಸಿ ತಂದರು. ತಟ್ಟೆ ತುಂಬಿದರೆ ಒಂದು ಪ್ಯಾಕೆಟ್ಟು, ತೂಕ ಯಾವತ್ತೂ ಕಡಿಮೆ ಬೀಳುವುದಿಲ್ಲ. ಈಗ ಬೇಕರಿಯ ಉಳಿದ ಹುಡುಗರೂ ಅದರಲ್ಲೇ ತುಂಬುತ್ತಾರೆ.

ಕೆಲಸಕ್ಕಿಂತ ಕಷ್ಟವಾದದ್ದು ಅದರ ಸುತ್ತಮುತ್ತಲಿನದು. ‘ಹೋಗಪ್ಪ, ಟೀ ಕುಡಿ’ ಎಂದರೆ ಹೋಗಿ ಟೀ ಕುಡಿದು ಹಾಗೇ ಮನೆಗೆ ನಡೆದ. ವಾಪಸ್ ಬಾ ಎಂದು ಯಾರೂ ಹೇಳಿರಲಿಲ್ಲವಲ್ಲ. ಬಸ್ಸನ್ನು ಬಣ್ಣ ನೋಡಿ ಹತ್ತುತ್ತಿದ್ದವನು ಬೇರೆ ಬಣ್ಣದ ಬಸ್ಸು ಬಂದ ದಿನ ಸ್ಟಾಪಿನಲ್ಲೇ ನಿಂತುಬಿಟ್ಟ. ಅಕ್ಕ ಮೊದಮೊದಲು ಪಕ್ಕದ ಸೀಟಿನಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಇಳಿಯುವ ಸ್ಟಾಪಿನಲ್ಲಿ ಕಾದು ನಿಂತು ಕಲಿಸಿದರು. ಯಾವಾಗ ಪಕ್ಕದಲ್ಲಿರಬೇಕು, ಯಾವಾಗ ದೂರ ಸರಿಯಬೇಕು ಎಂದು ಗೊತ್ತಿರುವುದೇ ಆ ಹುದ್ದೆಯ ಕಸುಬುಗಾರಿಕೆ. ಸಂಬಳ ಮಾತ್ರ ಬಹುತೇಕ ಕಡೆ ದೇಣಿಗೆಯನ್ನು ನಂಬಿಕೊಂಡದ್ದು.

ಇಂಥ ಪ್ರಯತ್ನಗಳಲ್ಲಿ ಸುದ್ದಿಯಾದವೂ ಇವೆ. 2017ರಲ್ಲಿ ಅಲೀನಾ ಆಲಂ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ‘ಮಿಟ್ಟಿ ಕೆಫೆ’ ಶುರು ಮಾಡಿದಾಗ ಇದ್ದದ್ದು ಹಳೆಯದೊಂದು ಶೆಡ್ಡು. 2023ರ ಹೊತ್ತಿಗೆ ವಿಶೇಷಚೇತನರೇ ನಡೆಸುವ ಆ ಕೆಫೆ ಸುಪ್ರೀಂ ಕೋರ್ಟಿನ ಆವರಣ ಮುಟ್ಟಿತು. ಅದು ದೊಡ್ಡ ಹೆಸರು. ಬೇಕರಿಯ ಮೂಲೆಯಲ್ಲಿ ಆಗುವುದು ಪೇಪರಿಗೆ ಬರುವುದಿಲ್ಲ.

ಇನ್ನೊಂದು ಗಂಟಿದೆ. ಕೆಲಸ ಸಿಕ್ಕಿತು ಎಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ: ‘ಪಿಂಚಣಿ ನಿಂತುಹೋಗುತ್ತಾ?’ ದುರಾಸೆಯ ಪ್ರಶ್ನೆಯೇನಲ್ಲ. ವಿಕಲಚೇತನರಿಗೆ ರಾಜ್ಯ ಸರ್ಕಾರ ಕೊಡುವ ಮಾಸಾಶನಕ್ಕೆ ಆದಾಯದ ಮಿತಿ ಇದೆ. ಇಂದು ಇರುವ ಬೇಕರಿ ನಾಳೆ ಬಾಗಿಲು ಹಾಕಿದರೆ ಮತ್ತೆ ಅರ್ಜಿ, ಮತ್ತೆ ತಾಲ್ಲೂಕು ಕಚೇರಿ. ಕೇಂದ್ರ ಸರ್ಕಾರಿ ನೌಕರರ ವಿಕಲಚೇತನ ಮಕ್ಕಳಿಗೆ ಸಿಗುವ ಕುಟುಂಬ ಪಿಂಚಣಿಯಲ್ಲೂ ಇದೇ ತೊಡಕಿತ್ತು: ತಿಂಗಳಿಗೆ 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆ ಮೀರಿ ಆದಾಯ ಇದ್ದರೆ ಪಿಂಚಣಿ ಇಲ್ಲ. 2021ರಲ್ಲಿ ಆ ಮಿತಿಯನ್ನು ತಂದೆ ಅಥವಾ ತಾಯಿಯ ಕೊನೆಯ ಸಂಬಳದ ಶೇ 30ಕ್ಕೆ ಜೋಡಿಸಿ ಸಡಿಲಿಸಿದರು. ರಾಜ್ಯದ ಮಾಸಾಶನಕ್ಕೂ ಅಂಥದ್ದೊಂದು ಸಡಿಲಿಕೆ ಬೇಕು. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷವಾದರೂ ಅದನ್ನು ಮುಟ್ಟಬಾರದು.

ಇಂಥ ಮಕ್ಕಳನ್ನು ಕೆಲಸಕ್ಕೆ ಜೋಡಿಸಲು ಹೊಸಬರೇ ಬೇಕೆಂದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಹಲವರು ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿ, ಗಾಲಿಕುರ್ಚಿಯ ಅರ್ಜಿಗಳ ಜೊತೆಗೆ ಹದಿನೇಳು ದಾಟಿದ ಮಕ್ಕಳದ್ದೊಂದು ಪಟ್ಟಿಯನ್ನೂ ಅವರೇ ಮಾಡಬಲ್ಲರು. ಊರಿನ ಹಾಲಿನ ಡೇರಿ, ನರ್ಸರಿ, ಅಕ್ಕಿ ಗಿರಣಿಯವರನ್ನು ಒಂದು ಮಾತು ಕೇಳಬಲ್ಲರು. ಸದ್ಯ ಅವರಿಗೆ ಸಿಗುತ್ತಿರುವ ಗೌರವಧನಕ್ಕೆ ಇಷ್ಟನ್ನೂ ಹೊರಿಸುವುದು ಸರಿಯಲ್ಲ ಎಂಬುದು ಬೇರೆ ಮಾತು. ಹೊರಿಸುವುದಾದರೆ ಮೊದಲು ಅದನ್ನು ಹೆಚ್ಚಿಸಲಿ.