‘ಬೇಡ’ ಎಂಬ ಮಾತಿಗೆ ಬೆಲೆ ಕಟ್ಟುವವರು

ಪ್ರವಾಸ ಕಥನ ಕನ್ನಡಿಗರಿಗೆ ಪ್ರಿಯವಾದ ಪ್ರಕಾರ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಯುರೋಪನ್ನು ನಮ್ಮ ಮನೆಯಂಗಳಕ್ಕೆ ತಂದಿತ್ತು. ಪರನಾಡಿಗೆ ಹೋದವನು ಅಲ್ಲಿಯ ಅತಿಥಿ. ಅಲ್ಲಿಯ ಜನರ ವಿಶ್ವಾಸವೇ ಅವನ ದಾರಿಬುತ್ತಿ. ಆದರೆ ಇದೇ ಪ್ರವಾಸದ ವೇಷ ತೊಟ್ಟ ಬೇರೊಂದು ಬಗೆಯ ಚಿತ್ರಗಳು ಯುರೋಪಿನಲ್ಲಿ ತಯಾರಾಗಿ ಜಗತ್ತಿನ ಮೊಬೈಲುಗಳನ್ನೆಲ್ಲ ತಲುಪಿವೆ. ಅವು ನೀಲಿ ಚಿತ್ರಗಳು.

ಅವುಗಳ ಕಥೆ ಸರಳ. ಪ್ರಾಗ್‌ ಅಥವಾ ಬುಡಾಪೆಸ್ಟ್‌ನ ಬೀದಿಯಲ್ಲಿ ಕ್ಯಾಮೆರಾ ಹಿಡಿದವನೊಬ್ಬ ನಡೆದು ಬರುತ್ತಾನೆ. ಹಳೆಯ ಸೇತುವೆ, ಚರ್ಚು, ನದಿ ತೋರಿಸುತ್ತಾನೆ. ಎದುರಾದ ಯುವತಿಯೊಬ್ಬಳಿಗೆ ಹಣದ ಆಸೆ ಒಡ್ಡುತ್ತಾನೆ. ಆಕೆ ‘ಬೇಡ’ ಎನ್ನುತ್ತಾಳೆ. ಆತ ಮೊತ್ತ ಏರಿಸುತ್ತಾನೆ. ಕೊನೆಗೆ ಆಕೆ ಒಪ್ಪುತ್ತಾಳೆ.

ಕ್ಯಾಮೆರಾ ಆ ಬೀದಿಗಳಿಗೇ ಹೋದುದು ಆಕಸ್ಮಿಕವಲ್ಲ. 1969ರಲ್ಲಿ ಡೆನ್ಮಾರ್ಕ್ ಅಶ್ಲೀಲ ಚಿತ್ರಗಳ ಮೇಲಿನ ನಿಷೇಧವನ್ನು ತೆಗೆದುಹಾಕಿತು. 1974ರ ಫ್ರೆಂಚ್ ಚಿತ್ರ ‘ಎಮ್ಯಾನುಯೆಲ್’ ಥಾಯ್ಲೆಂಡನ್ನು ಕಾಮದ ಪ್ರವಾಸಿ ತಾಣವಾಗಿ ತೋರಿಸಿತು. 1989ರಲ್ಲಿ ಬರ್ಲಿನ್ ಗೋಡೆ ಉರುಳಿ ಪೂರ್ವ ಯುರೋಪಿನ ಮಾರುಕಟ್ಟೆ ತೆರೆದಾಗ, ಅಷ್ಟು ದೂರ ಹೋಗುವ ಅಗತ್ಯವೂ ಉಳಿಯಲಿಲ್ಲ. ಕಾರ್ಖಾನೆಗಳು ಮುಚ್ಚಿದ್ದವು, ಕೂಲಿ ಅಗ್ಗವಾಗಿತ್ತು, ನಗರಗಳು ಸುಂದರವಾಗಿದ್ದವು. ತೊಂಬತ್ತರ ದಶಕದಲ್ಲಿ ಬುಡಾಪೆಸ್ಟ್ ಈ ಉದ್ಯಮದ ಕೇಂದ್ರಗಳಲ್ಲಿ ಒಂದಾಯಿತು. ಹಣವುಳ್ಳವನ ಕ್ಯಾಮೆರಾ ಹಣವಿಲ್ಲದವರ ಊರನ್ನು ಹುಡುಕಿಕೊಂಡು ಹೋಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಆಕೆ ವಯಸ್ಕಳು, ಒಪ್ಪಿ ನಟಿಸುತ್ತಾಳೆ, ಸಂಭಾವನೆ ಪಡೆಯುತ್ತಾಳೆ. ಇದರಲ್ಲಿ ಮೂರನೆಯವರಿಗೇನು ಕೆಲಸ? ಈ ವಾದವನ್ನು ತಳ್ಳಿಹಾಕುವಂತಿಲ್ಲ. ಬೀದಿಯ ಆ ಚೌಕಾಶಿ ಬಹುತೇಕ ನಾಟಕವೇ. ಕ್ರಮಬದ್ಧವಾಗಿ ನಡೆಯುವ ಚಿತ್ರೀಕರಣದಲ್ಲಿ ವಯಸ್ಸಿನ ದಾಖಲೆ, ವೈದ್ಯಕೀಯ ಪರೀಕ್ಷೆ, ಕರಾರುಪತ್ರ, ಸಂಭಾವನೆ ಎಲ್ಲವೂ ಕ್ಯಾಮೆರಾ ತೆರೆಯುವ ಮೊದಲೇ ನಿರ್ಧಾರವಾಗಿರುತ್ತವೆ.

ಹಾಗಾದರೆ ಒಂದು ಪ್ರಶ್ನೆ. ಇವೆಲ್ಲ ನಿಜವಾಗಿಯೂ ನಡೆದಿದ್ದರೆ ಅವನ್ನು ಅಡಗಿಸುವುದೇಕೆ? ಈ ವ್ಯವಹಾರದಲ್ಲಿ ಏನಾದರೂ ಸಭ್ಯವಾದದ್ದು ಇದ್ದರೆ ಅದು ಆ ಮುಂಗಡ ಒಪ್ಪಿಗೆ ಮಾತ್ರ. ಚಿತ್ರ ಅದನ್ನೇ ಮುಚ್ಚಿಡುತ್ತದೆ. ಅದರ ಬದಲಿಗೆ, ದಾರಿಯಲ್ಲಿ ಹೋಗುವ ಹೆಣ್ಣೊಬ್ಬಳ ನಿರಾಕರಣೆಯನ್ನು ನೋಟಿನ ಕಟ್ಟಿನಿಂದ ಮುರಿಯುವ ದೃಶ್ಯವನ್ನು ಪ್ರದರ್ಶಿಸುತ್ತದೆ. ಕೊಲೆಯ ಸಿನಿಮಾ ನೋಡುವವನಿಗೆ ಅದು ನಟನೆಯೆಂಬ ಅರಿವಿರುತ್ತದೆ. ಇಲ್ಲಿಯಾದರೋ ನಡುಗುವ ಕ್ಯಾಮೆರಾ, ಬೀದಿಯ ಗದ್ದಲ, ಪರಿಚಿತ ಸ್ಥಳಗಳು, ಎಲ್ಲವೂ ಸೇರಿ ‘ಇದು ನಟನೆಯಲ್ಲ’ ಎಂದು ಸಾಧಿಸುತ್ತವೆ. ಹೆಣ್ಣಿನ ‘ಬೇಡ’ ಕೊನೆಯ ಮಾತಲ್ಲ, ಅದು ಚೌಕಾಶಿಯ ಮೊದಲ ಮಾತು ಎಂಬ ಪಾಠವನ್ನು ಹದಿನೈದರ ಹುಡುಗ ಇಲ್ಲಿಂದಲೇ ಕಲಿಯುತ್ತಾನೆ. ನಾಟಕ ಸುಳ್ಳಾಗಿರಬಹುದು, ಪಾಠ ಸುಳ್ಳಾಗುವುದಿಲ್ಲ.

ಅದು ಚಿತ್ರೀಕರಣದ ಕೋಣೆಯೊಳಗೂ ನಿಜವಾಗಬಲ್ಲದು. ಫ್ರಾನ್ಸಿನಲ್ಲಿ 2020ರಲ್ಲಿ ಆರಂಭವಾದ ತನಿಖೆಯೊಂದರಲ್ಲಿ ಹತ್ತಾರು ಮಹಿಳೆಯರು ಹಣದ ಆಮಿಷ, ಒತ್ತಡ ಮತ್ತು ಅತ್ಯಾಚಾರದ ದೂರು ನೀಡಿದರು. ಚಿತ್ರಗಳನ್ನು ಫ್ರಾನ್ಸಿನಲ್ಲಿ ಯಾರೂ ನೋಡಲಾರರೆಂದು ನಂಬಿಸಲಾಗಿತ್ತು ಎಂಬುದೂ ಆ ದೂರುಗಳಲ್ಲಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆನೆಟ್ ಈ ಉದ್ಯಮದೊಳಗಿನ ಹಿಂಸೆಯ ಬಗ್ಗೆ ವಿವರವಾದ ವರದಿ ಪ್ರಕಟಿಸಿತು. ಸಂಪ್ರದಾಯವಾದಿಗಳೆಂದು ಯಾರೂ ದೂರಲಾಗದ ಸಮಾಜವೊಂದು ತಾನಾಗಿ ಎತ್ತಿದ ಪ್ರಶ್ನೆ ಇದು.

ಒಪ್ಪಿಗೆ ಎಂಬುದು ಸಹಿಯಷ್ಟೇ ಅಲ್ಲ. ಹಿಂದಕ್ಕೆ ಪಡೆಯಲು ಸಾಧ್ಯವಿದ್ದಾಗ ಮಾತ್ರ ಒಪ್ಪಿಗೆಗೆ ಅರ್ಥವಿದೆ. ಇಪ್ಪತ್ತರ ವಯಸ್ಸಿನಲ್ಲಿ, ಬಾಡಿಗೆ ಕಟ್ಟಲಾಗದ ಒಂದು ತಿಂಗಳಲ್ಲಿ ಹೇಳಿದ ‘ಹೂಂ’ ನಲವತ್ತರಲ್ಲೂ, ಮಕ್ಕಳು ಬೆಳೆದ ಮೇಲೂ ಅಂತರಜಾಲದಲ್ಲಿ ಓಡಾಡುತ್ತಿರುತ್ತದೆ. ಕೊಟ್ಟ ಹಣ ಒಂದು ದಿನದ್ದು, ಕೊಂಡದ್ದು ಇಡೀ ಆಯುಷ್ಯ.

ಈ ದೋಷವನ್ನೆಲ್ಲ ಯುರೋಪಿನ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನೋಡುವವರಿಲ್ಲದಿದ್ದರೆ ಆ ಕ್ಯಾಮೆರಾ ಎಂದೋ ಮೂಲೆ ಸೇರುತ್ತಿತ್ತು. ಆ ಹೆಣ್ಣನ್ನು ತೀರ್ಪು ಮಾಡುವುದು ನಮಗೆ ಸುಲಭ. ಆಕೆಯ ‘ಬೇಡ’ ಮುರಿಯುವುದನ್ನು ನೋಡಲು ಕಾದು ಕುಳಿತವರನ್ನು ನಾವು ಏನೆಂದು ಕರೆಯೋಣ?