ಇಸುಬು ಯಾರ ಪಾಪ?

ಮಾಸ್ತಿ, ಮಾಲೂರು, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ವಾಸಿಯಾಗದ ತುರಿಕೆಗೆ ನಾಗದೋಷವೆಂಬ ಹೆಸರು ಬೀಳಲು ತಡವಾಗುವುದಿಲ್ಲ. ಪೊರೆ ಬಿಡುವ ಹಾವಿಗೂ ಹೊಟ್ಟೇಳುವ ಚರ್ಮಕ್ಕೂ ಜನ ನಂಟು ಕಂಡದ್ದು ಸಹಜವೇ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುತ್ತಾರೆ, ವಿದುರಾಶ್ವತ್ಥಕ್ಕೋ ಘಾಟಿ ಸುಬ್ರಹ್ಮಣ್ಯಕ್ಕೋ ಹರಕೆ ಹೊರುತ್ತಾರೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಬೆನ್ನಿಗೇ ಬರುವ ತೀರ್ಪಿನ ಬಗ್ಗೆ ಇದೆ: ಈಕೆಯೋ ಈಕೆಯ ಹಿರಿಯರೋ ಮಾಡಿದ ಪಾಪ ಮೈಮೇಲೆ ಎದ್ದಿದೆ ಎಂಬ ತೀರ್ಪು. ಹೊಟ್ಟೆಯೊಳಗಿನ ಹುಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ. ಚರ್ಮದ ರೋಗ ಊರಿಗೆಲ್ಲ ಕಾಣುತ್ತದೆ. ಅಷ್ಟೇ ಕಾರಣಕ್ಕೆ ಅದರ ರೋಗಿ ಅಪರಾಧಿಯಾಗಬೇಕೆ?

ಕಾಂಗ್ರೆಸ್ ಗಿಡವನ್ನೇ ನೋಡಿ. ಅಮೆರಿಕ ಖಂಡದ ಈ ಕಳೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಬದುವಿನ ಮೇಲೆ ಅದು ಬಿಳಿ ಹೂ ಬಿಟ್ಟು ಒಣಗಿದಾಗ, ಪಾರ್ಥೆನಿನ್ ಎಂಬ ರಾಸಾಯನಿಕ ತುಂಬಿದ ಪುಡಿ ಗಾಳಿಗೆ ಹಾರುತ್ತದೆ. ಒಗ್ಗದವರಿಗೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಕೆಂಪಾಗಿ ಉರಿಯುತ್ತವೆ. ವರ್ಷಗಳು ಕಳೆದರೆ ಅದೇ ಚರ್ಮ ಕಪ್ಪಾಗಿ ದಪ್ಪಗಟ್ಟುತ್ತದೆ. ಕಳೆ ಕಿತ್ತು ನಮ್ಮೆಲ್ಲರ ಅನ್ನ ಬೆಳೆಯುವವರಿಗೇ ಇದು ಹೆಚ್ಚು ತಗಲುವುದು. ಗಿಡದ ಋತುವಿನೊಂದಿಗೆ ಏರಿ ಇಳಿಯುವ ಈ ಶಿಕ್ಷೆಯನ್ನು ಯಾವ ಪೂರ್ವಜನ್ಮದ ಲೆಕ್ಕಕ್ಕೆ ಬರೆಯೋಣ? ಶ್ರೀನಿವಾಸಪುರದ ತೋಟಗಳಲ್ಲಿ ಮಾವಿನ ಸೊನೆ, ಗಾರೆ ಕೆಲಸದವರ ಕೈಗೆ ಸಿಮೆಂಟಿನ ಕ್ರೋಮಿಯಂ, ಹಣೆಗೆ ಅಂಟುಬಿಂದಿಯ ಗೋಂದು, ಹೀಗೆ ಕಾರಣಗಳು ಬೇರೆ ಬೇರೆ. ಎಳೆಮಕ್ಕಳ ಇಸುಬಿನಲ್ಲಿ ಎಷ್ಟೋ ಸಲ ಹುಟ್ಟಿನಿಂದಲೇ ಚರ್ಮದ ತಡೆ ಸಡಿಲವಾಗಿರುತ್ತದೆ. ತಲೆಹೊಟ್ಟಿನ ಜೊತೆ ಬರುವ ಉರಿಯೂತದಲ್ಲಿ ಮಲಸೇಜಿಯ ಎಂಬ ಶಿಲೀಂಧ್ರದ ಪಾತ್ರವಿದೆ.

ಕರ್ಮಸಿದ್ಧಾಂತ ನಮ್ಮ ಶಾಸ್ತ್ರದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಚರಕಸಂಹಿತೆ ಕುಷ್ಠದ, ಅಂದರೆ ಅದರ ಮಾತಿನಲ್ಲಿ ಒಟ್ಟಾರೆ ಚರ್ಮರೋಗಗಳ, ಕಾರಣಗಳಲ್ಲಿ ಪಾಪಕರ್ಮವನ್ನೂ ಹೇಳುತ್ತದೆ. ಇದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ಅದೇ ಗ್ರಂಥ ಕುಷ್ಠವನ್ನು 18 ಬಗೆಯಾಗಿ ವಿಂಗಡಿಸಿ ಆಹಾರ, ವಿಹಾರ, ದೋಷಗಳನ್ನು ಹುಡುಕುತ್ತದೆ, ಮದ್ದು ಹೇಳುತ್ತದೆ. ಅದರ ವಿಮಾನಸ್ಥಾನವೆಂಬ ಭಾಗದಲ್ಲಂತೂ, ಆಯುಸ್ಸೆಲ್ಲ ಮೊದಲೇ ನಿಗದಿಯಾಗಿದ್ದರೆ ಔಷಧಿಯೂ ಬೇಡ, ಮಂತ್ರವೂ ಬೇಡವಾಗುತ್ತಿತ್ತು ಎಂಬ ವಾದವಿದೆ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಬುದ್ಧ ನೋವಿಗೆ ಎಂಟು ಕಾರಣ ಎಣಿಸುತ್ತಾನೆ. ಪಿತ್ತ, ಕಫ, ವಾತ, ಋತುಬದಲಾವಣೆಗಳ ಜೊತೆ ಕರ್ಮವೂ ಒಂದು, ಅಷ್ಟೇ. ಎಲ್ಲ ನೋವೂ ಹಿಂದಿನ ಕರ್ಮದ ಫಲ ಎನ್ನುವವರು ಹದ್ದು ಮೀರುತ್ತಾರೆ ಎಂಬುದು ಅವನ ನಿಲುವು. ಕರ್ಮವನ್ನು ನಂಬಿದವರೇ ಅದಕ್ಕೆ ಗಡಿ ಹಾಕಿದ್ದರು.

ವಿಜ್ಞಾನ ಹೇಗೆಂದು ಹೇಳಬಹುದು, ನನಗೇ ಏಕೆ ಎಂಬುದಕ್ಕೆ ಉತ್ತರವೆಲ್ಲಿ ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಒಂದೇ ಹೊಲದಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾಂಗ್ರೆಸ್ ಗಿಡ ಒಗ್ಗದು, ನಿಜ. ಆ ಉಳಿದ ಪ್ರಶ್ನೆಯ ಮುಂದೆ ರೋಗಿ ತಾನೇ ದೇವರೊಡನೆ ಮಾತಾಡಿಕೊಳ್ಳಲಿ. ಅದು ಅವರ ಹಕ್ಕು, ಮನಸ್ಸು ಹಗುರಾದರೆ ಕೆರೆತವೂ ತುಸು ತಗ್ಗೀತು. ಪಕ್ಕದ ಮನೆಯವರಿಗೆ ಆ ಹಕ್ಕಿಲ್ಲ. ಪಾಪವೆಂದು ಒಪ್ಪಿಕೊಂಡ ಮನೆ ಕಾರಣ ಹುಡುಕುವುದನ್ನೇ ಬಿಡುತ್ತದೆ, ಇಲ್ಲವೇ ನಾಚಿಕೆಯಿಂದ ಅಂಗಡಿಯ ಸ್ಟೀರಾಯ್ಡ್ ಮುಲಾಮನ್ನು ಗುಟ್ಟಾಗಿ ತಿಂಗಳುಗಟ್ಟಲೆ ಹಚ್ಚುತ್ತದೆ. ಅದರಿಂದ ಚರ್ಮ ತೆಳುವಾಗುತ್ತದೆ. ತುರಿಕೆ ಹುಳುಕಡ್ಡಿಯದಾಗಿದ್ದರೆ ಇನ್ನಷ್ಟು ಹರಡುತ್ತದೆ. ಅದೇ ಮುಲಾಮು ವೈದ್ಯರು ಹೇಳಿದ ಬಲದಲ್ಲಿ, ಹೇಳಿದಷ್ಟೇ ದಿನ, ದಿನವೂ ಹಚ್ಚುವ ತೇವಕಾರಕದ ಜೊತೆ ಇಸುಬಿಗೆ ಒಳ್ಳೆಯ ಮದ್ದು. ಯಾವ ವಸ್ತು ಒಗ್ಗದೆಂದು ತಿಳಿಯಲು ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನಕ್ಕೆ ತೆಗೆದು, ನಾಲ್ಕನೆಯ ದಿನದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಹರಕೆ ಹೊತ್ತವರು ಆ ಪರೀಕ್ಷೆಗೆ ಹೋದರೆ ನಾಗಪ್ಪನಿಗೆ ಅಪಚಾರವಾಗುತ್ತದೆಂದು ಯಾವ ಶಾಸ್ತ್ರವೂ ಹೇಳಿಲ್ಲ.