ನರಕ ಚತುರ್ದಶಿಯ ನೀರು

“ದಾದಾ ಇವತ್ತ ಎರಕೊಳ್ಳಲಿಲ್ಲಂದ್ರ ನರಕಕ್ಕ ಹೋಗ್ತಾನೇನು?”

ಕಳೆದ ದೀಪಾವಳಿಯ ನಸುಕಿನಲ್ಲಿ, ನೆತ್ತಿಯ ಎಣ್ಣೆ ಕೆನ್ನೆಗಿಳಿಯುತ್ತಿರುವಾಗ ಮಣೆಯ ಮೇಲೆ ಕೂತಿದ್ದ ಎಂಟು ವರ್ಷದ ಮಗಳು ಕೇಳಿದ್ದು. ಕೇಳಿದ್ದು ನನ್ನನ್ನಲ್ಲ, ಅವಳ ಅಜ್ಜಿಯನ್ನು. ಹುಬ್ಬಳ್ಳಿಯಿಂದ ಪುಣೆಯ ನಮ್ಮ ಮನೆಗೆ ಬಂದಿದ್ದ ಅತ್ತೆ ಹಿಂದಿನ ರಾತ್ರಿ ನರಕಾಸುರನ ಕಥೆ ಹೇಳಿ, ಸೂರ್ಯ ಹುಟ್ಟುವುದರೊಳಗೆ ಅಭ್ಯಂಗ ಮಾಡದವರಿಗೆ ಏನಾಗುತ್ತದೆ ಎಂಬುದನ್ನೂ ಸೇರಿಸಿದ್ದರು. ಪಕ್ಕದ ಮನೆಯ ಮರಾಠಿ ಗೆಳತಿಯೂ ಅದನ್ನೇ ಹೇಳಿದ್ದರಿಂದ ಮಗಳ ಮಟ್ಟಿಗೆ ಅದು ಎರಡು ಭಾಷೆಯ ಸಾಕ್ಷಿಯಿರುವ ಸತ್ಯ. ಅವಳ ದಾದಾ, ಹದಿಮೂರರ ನನ್ನ ಮಗ, ಒಳಕೋಣೆಯಲ್ಲಿ ಕಿವಿಗೆ ದಪ್ಪನೆಯ ಇಯರ್‌ಮಫ್ ಏರಿಸಿ, ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದ್ದ. ಅವನಿಗೆ ಆಟಿಸಂ ಇದೆ.

“ಅಂವ ಯಾಕ ನರಕಕ್ಕ ಹೋಗ್ತಾನ? ನೀ ಕಣ್ಣ ಮುಚ್ಚು, ಸೀಗಿಕಾಯಿ ಹೋದೀತು” ಅಂದರು ಅತ್ತೆ. ಮಗಳು ಕಣ್ಣು ಮುಚ್ಚಿದಳು. ಬಾಯಿ ಮುಚ್ಚಲಿಲ್ಲ. “ಮತ್ತ ಅಂವಗ್ಯಾಕ ಬ್ಯಾಡ?”

ಈ ಎರಡನೆಯ ಪ್ರಶ್ನೆಯೇ ನಿಜವಾದದ್ದು.

ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಇಲ್ಲದ ಫ್ಲ್ಯಾಟಿನಲ್ಲಿ ಅತ್ತೆ ಗೀಸರಿಗೇ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಎಳೆ ಸುತ್ತಿದ್ದರು. ತುಳಶೀಬಾಗ ಪೇಟೆಯಿಂದ ತಂದ ಉಟಣೆ ಪುಡಿ, ಮೋತಿ ಸಾಬೂನು, ಊರಿನ ಸೀಗೆಪುಡಿ ಎಲ್ಲ ತಟ್ಟೆಯಲ್ಲಿ. ಬಚ್ಚಲಿಗೆ ಕಾಲಿಡುವ ಮುಂಚೆ ಕಾಲಿನ ಹೆಬ್ಬೆರಳಿನಲ್ಲಿ ಕಾರೀಟ ಎಂಬ ಕಹಿಕಾಯಿ ಒಡೆಯುವುದನ್ನು ಇಲ್ಲಿಯವರಿಂದ ಕಲಿತಿದ್ದೇವೆ. ಆರತಿಯ ಹಾಡು ಮಾತ್ರ ನಮ್ಮೂರಿನದೇ. ಯಾರಿಗೆ ಈ ಬೆಳಗು ಇಷ್ಟವಿಲ್ಲ ಹೇಳಿ!

ಈಗ ಇದನ್ನೇ ನನ್ನ ಮಗನ ಮೈಯಿಂದ ನೋಡಿ. ಕತ್ತಲಲ್ಲೇ ಎಬ್ಬಿಸುತ್ತಾರೆ. ಹೊರಗೆ ಎಲ್ಲೋ ಲಕ್ಷ್ಮೀಪಟಾಕಿ. ನೆತ್ತಿಯ ಮೇಲೆ ಜಾರುವ, ಆದರೆ ಎಲ್ಲಿಗೆ ಜಾರುತ್ತದೆಂದು ಗೊತ್ತಾಗದ ಎಣ್ಣೆ. ಚಂದನ, ನಾಗರಮೋಥಾ, ಅಂಬೆಹಳದಿ ಬೆರೆತ ಉಟಣೆಯ ತರಿತರಿ, ಅದರ ಮೇಲೆ ಸಾಬೂನಿನ ಗುಲಾಬಿ ವಾಸನೆ, ಅದರ ಮೇಲೆ ಊದುಬತ್ತಿ. ಕಿಟಕಿಯಿಲ್ಲದ ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನಿನ ಗುಂಯ್‌. ಟೈಲ್ಸಿಗೆ ಬಡಿದು ಎರಡರಷ್ಟಾಗುವ ನೀರಿನ ಸದ್ದು. ಬಿಸಿನೀರಿನಿಂದ ಹೊರಬಂದ ಕೂಡಲೇ ತಣ್ಣನೆ ಗಾಳಿ, ಒರಟು ಟವೆಲು, ಮಡಿಕೆ ಮುರಿಯದ ಹೊಸ ಅಂಗಿ, ಕುತ್ತಿಗೆಗೆ ಚುಚ್ಚುವ ಅದರ ಲೇಬಲ್ಲು. ನಮ್ಮ ಮಿದುಳು ಇವುಗಳಲ್ಲಿ ಮುಕ್ಕಾಲನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತದೆ. ಅವನ ಮಿದುಳು ಎಲ್ಲವನ್ನೂ ಒಳಗೆ ಬಿಡುತ್ತದೆ, ಎಲ್ಲವನ್ನೂ ಒಂದೇ ದನಿಯಲ್ಲಿ.

ಇದು ಮಕ್ಕಳ ಹಟಕ್ಕೆ ತಾಯಂದಿರು ಕಟ್ಟಿದ ನೆಪವಲ್ಲ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಮೊದಲ ಪ್ರಬಂಧದಲ್ಲೇ, ಅವರನ್ನು ದಿಗಿಲುಗೊಳಿಸುತ್ತಿದ್ದ ಸಂಗತಿಗಳ ಸಾಲಿನಲ್ಲಿ ಲಿಫ್ಟು, ಮೊಟ್ಟೆ ಕಡೆಯುವ ಯಂತ್ರ ಇತ್ಯಾದಿಗಳ ಜೊತೆ ಹರಿಯುವ ನೀರನ್ನೂ ಹೆಸರಿಸಿದ್ದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯ ಲಕ್ಷಣಗಳ ಪಟ್ಟಿಯಲ್ಲಿ ಇಂದ್ರಿಯಗಳ ಅತಿಸೂಕ್ಷ್ಮತೆ ಮತ್ತು ಮಂದತೆಗೆ ಸ್ಪಷ್ಟವಾದ ಜಾಗ ಸಿಕ್ಕಿದ್ದು 2013ರಲ್ಲಿ, ಅದರ ಐದನೆಯ ಆವೃತ್ತಿಯಲ್ಲಿ. ನಮ್ಮಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ ಎಂಬ ಭಾರತೀಯ ಮಾಪಕದ 40 ಅಂಶಗಳಲ್ಲಿ ಒಂದು ಭಾಗವೇ ಇಂದ್ರಿಯಗಳದ್ದು: ವಸ್ತುಗಳನ್ನು ಮೂಸುತ್ತಾನೆಯೇ, ನೋವು ಗೊತ್ತಾಗುವುದಿಲ್ಲವೇ ಎಂದೆಲ್ಲ ಕೇಳುತ್ತಾರೆ. ಮೂಸುತ್ತಾನೆ. ನಲ್ಲಿ ತಿರುಗಿಸಿದ ಕ್ಷಣಕ್ಕೆ ಅದು ಖಡಕವಾಸ್ಲಾ ಅಣೆಕಟ್ಟಿನಿಂದ ಬಂದ ಕಾರ್ಪೊರೇಷನ್ ನೀರೋ ಟ್ಯಾಂಕರಿನದೋ ಎಂದು ವಾಸನೆಯಿಂದಲೇ ಹೇಳುತ್ತಾನೆ. ಸೊಸೈಟಿಯ ಸೆಕ್ರೆಟರಿ ಒಮ್ಮೆ ಅವನ ಮಾತನ್ನು ಪರೀಕ್ಷಿಸಲು ಹೋಗಿ ಸೋತರು. ಆ ದಿನ ನನಗಾದ ಹೆಮ್ಮೆಯನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಕ್ಷಮಿಸಿ. ಟ್ಯಾಂಕರಿನ ನೀರು ಬಂದ ದಿನ ಅವನು ಸ್ನಾನಕ್ಕೆ ಒಲ್ಲೆ ಎನ್ನುವುದೂ ಅದೇ ಮೂಗಿನ ದೆಸೆಯಿಂದ.

ಇದನ್ನೆಲ್ಲ ಸ್ವತಃ ಅನುಭವಿಸಿದ, ಆಟಿಸಂ ಇರುವವರೇ ಬರೆದಿದ್ದಾರೆ. ಚಿಕ್ಕಂದಿನಲ್ಲಿ ತಲೆ ತೊಳೆಸಿಕೊಳ್ಳುವುದೆಂದರೆ ನಿಜವಾದ ನೋವು ಎಂದಿದ್ದಾರೆ ಟೆಂಪಲ್ ಗ್ರ್ಯಾಂಡಿನ್. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ತೀತೋ ರಾಜರ್ಷಿ ಮುಖೋಪಾಧ್ಯಾಯರ ಸಮಸ್ಯೆ ಇನ್ನೊಂದು ದಿಕ್ಕಿನದು. 2000ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿದ ‘ಬಿಯಾಂಡ್ ದ ಸೈಲೆನ್ಸ್’ ಅವರ ಪುಸ್ತಕ. ತನ್ನ ಮೈ ತನಗೇ ಚೂರುಚೂರಾಗಿ ಅನ್ನಿಸುತ್ತಿತ್ತು, ಗಿರಗಿರ ತಿರುಗಿದಾಗ, ಕೈ ಬೀಸಿದಾಗಲಷ್ಟೇ ಒಂದುಗೂಡುತ್ತಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಆ ಮಾತು ಓದಿದ ಮೇಲೆ ಎಷ್ಟೋ ಮಕ್ಕಳಿಗೆ ಮೂಗಿನಿಂದ ಸಿಂಬಳ ಇಳಿದದ್ದು, ಗಲ್ಲಕ್ಕೆ ಮೊಸರನ್ನ ಮೆತ್ತಿದ್ದು, ಚಡ್ಡಿ ಒದ್ದೆಯಾದದ್ದು ಯಾಕೆ ತಿಳಿಯುವುದಿಲ್ಲ ಎಂಬುದು ನನಗೆ ಹೊಳೆಯಿತು. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ನನ್ನ ಮಗನಿಗೆ ಶವರಿನ ಹನಿ ಸೂಜಿಯಂತೆ ಚುಚ್ಚುತ್ತದೆ. ಮಂಡಿ ತರಚಿ ರಕ್ತ ಬಂದದ್ದು ಗೊತ್ತೇ ಆಗುವುದಿಲ್ಲ.

ಹಲ್ಲುಜ್ಜುವ ವಿಷಯವನ್ನೇ ತೆಗೆದುಕೊಳ್ಳಿ. ಪೇಸ್ಟಿನ ಮೆಂಥಾಲ್ ನಿಜಕ್ಕೂ ತಂಪಲ್ಲ, ತಂಪನ್ನರಿಯುವ ನರಗಳನ್ನು ಅದು ಕೆಣಕುತ್ತದೆ. ನಮಗೆ ‘ಫ್ರೆಶ್’ ಅನ್ನಿಸುವುದು ಅವನಿಗೆ ಉರಿ. ಅದರ ಮೇಲೆ ಬಾಯಿತುಂಬ ಉಕ್ಕುವ ನೊರೆ. ಪುದೀನ ಇಲ್ಲದ, ನೊರೆ ಕಡಿಮೆ ಬರುವ ಪೇಸ್ಟು ಹುಡುಕಿದಾಗ ಅರ್ಧ ಜಗಳ ನಿಂತಿತು. ಉಗುರು ಕತ್ತರಿಸುವುದು ಸ್ನಾನದ ನಂತರ, ಉಗುರು ನೆನೆದು ಮೆತ್ತಗಾದಾಗ, ದಿನಕ್ಕೊಂದು ಬೆರಳು. ಶವರು ಬಿಟ್ಟು ಬಕೆಟ್ಟು, ತಂಬಿಗೆಗೆ ಮರಳಿದ್ದೇವೆ. ತಂಬಿಗೆಯ ನೀರು ಯಾವಾಗ ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಿರುತ್ತದೆ, ಹನ್ನೆರಡು ಎಣಿಸಿದರೆ ಮುಗಿಯಿತು ಎಂಬುದೂ ಗೊತ್ತಿರುತ್ತದೆ. ಬಾಗಿಲ ಹಿಂದೆ ಚಿತ್ರಗಳ ಸಾಲು ಅಂಟಿಸಿದ್ದೇವೆ: ಅಂಗಿ ಬಿಚ್ಚು, ನೀರು ಮುಟ್ಟಿ ನೋಡು, ಭುಜಕ್ಕೆ ನೀರು, ಕಂಕುಳಿಗೆ ಸಾಬೂನು. ‘ಸ್ನಾನ ಮಾಡು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಕೆಲಸದೊಳಗೆ ಎಷ್ಟು ಬಿಡಿ ಕೆಲಸಗಳಿವೆ ಎಂಬುದು ಆ ಚಿತ್ರ ಬರೆಯಲು ಕೂತಾಗಲೇ ತಿಳಿಯುವುದು.

ಆ ಬೆಳಗಿಗೆ ಬರುತ್ತೇನೆ. ಮಗಳಿಗೆ ಎರೆದು ಮುಗಿಸಿದ ಅತ್ತೆ ಎಣ್ಣೆಬಟ್ಟಲು ಹಿಡಿದು ಒಳಕೋಣೆಗೆ ಹೋದರು. ನಾನು ತಡೆಯುವಷ್ಟರಲ್ಲಿ ಅವರು ಮಂಚದ ಪಕ್ಕ ನೆಲಕ್ಕೆ ಕೂತಾಗಿತ್ತು. ತಲೆಯ ತಂಟೆಗೆ ಹೋಗಲಿಲ್ಲ. ಅವನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅಂಗೈಗೆ ಎಣ್ಣೆ ಸವರಿ, ಮೈಭಾರವನ್ನೆಲ್ಲ ಬಿಟ್ಟು ಅಂಗಾಲನ್ನು ಒತ್ತಿದರು. ಅವರ ಕೈ ಅಂಥದು. ಎಂಟು ಮಕ್ಕಳ ಮನೆಯ ಹಿರಿ ಸೊಸೆಯಾಗಿ ಬಂದು ಬಾಣಂತಿಯರಿಗೂ ಕೂಸುಗಳಿಗೂ ಎರೆದ ಕೈ. ಸವರುವುದು ಗೊತ್ತಿಲ್ಲ, ಒತ್ತುವುದೊಂದೇ ಗೊತ್ತು. ಮಗ ಕಾಲು ಎಳೆದುಕೊಳ್ಳಲಿಲ್ಲ. ಇಯರ್‌ಮಫ್ ತೆಗೆಯಲಿಲ್ಲ, ಅಜ್ಜಿಯ ಮುಖ ನೋಡಲಿಲ್ಲ, ಆದರೆ ಇನ್ನೊಂದು ಕಾಲನ್ನೂ ಮುಂದೆ ಚಾಚಿದ.

ಹಗುರ ಸ್ಪರ್ಶ ಕೆಣಕುತ್ತದೆ, ಆಳವಾದ ಒತ್ತಡ ಶಮನ ಮಾಡುತ್ತದೆ ಎಂಬುದನ್ನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಓಟಿ ಮೇಡಂ ನಮಗೆ ಹೇಳಿಕೊಟ್ಟಿದ್ದರು. ಗ್ರ್ಯಾಂಡಿನ್ ಅಂತೂ ದನಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟು ನೋಡಿ, ತನ್ನನ್ನೇ ಅದುಮಿಕೊಳ್ಳುವ ಯಂತ್ರವೊಂದನ್ನು ಹರೆಯದಲ್ಲೇ ಮಾಡಿಕೊಂಡಿದ್ದರು. ಅತ್ತೆಗೆ ಇದಾವುದೂ ಗೊತ್ತಿಲ್ಲ. “ಚಕ್ಕಳಗುಳಿ ಇಟ್ಟಂಗ ಹಚ್ಚಿದ್ರ ಯಾರರ ಹಚಿಗೋತಾರೇನ?” ಎಂದು ನನ್ನನ್ನೇ ಕೇಳಿದರು. ನಮ್ಮ ಹಳೆಯ ಎಣ್ಣೆನೀರಿನಲ್ಲಿ ವಿಜ್ಞಾನವಿತ್ತು ಎಂದು ಎದೆಯುಬ್ಬಿಸುವ ಲೇಖನ ಇದಲ್ಲ. ಅದೇ ಎಣ್ಣೆನೀರಿನಲ್ಲಿ ಕೈಕಾಲು ಹಿಡಿದು ಬಲವಂತವಾಗಿ ಸೀಗೆ ತಿಕ್ಕಿಸಿಕೊಂಡು ಕಿರುಚಿದ ಮಕ್ಕಳೂ ಇದ್ದರು. ಅವರಲ್ಲಿ ಎಷ್ಟು ಮಂದಿ ನನ್ನ ಮಗನಂಥವರೋ! ಮರುದಿನ ಅತ್ತೆ ಮತ್ತೆ ಬಟ್ಟಲು ಹಿಡಿದು ಹೋದಾಗ ಅವನು ಮಂಚದ ಕೆಳಗೆ ನುಸುಳಿದ.

ಇಲ್ಲಿ ಥೆರಪಿಯ ಬಗ್ಗೆ ಒಂದು ಮಾತು, ನಮ್ಮ ಕನ್ನಡ ಸಂಘದ ಸದಸ್ಯರಲ್ಲಿ ಹೊಸದಾಗಿ ಈ ದಾರಿಗೆ ಬಿದ್ದವರಿಗಾಗಿ. ಜೋಕಾಲಿ, ಬಣ್ಣದ ದೀಪ, ಚೆಂಡುಗಳ ತೊಟ್ಟಿ ಇರುವ ಕೇಂದ್ರಗಳು ಬಾಣೇರ, ವಾಕಡ ಕಡೆಯೆಲ್ಲ ಎದ್ದಿವೆ. ಈ ಬಗೆಯ ಚಿಕಿತ್ಸೆಯ ಮೂಲ ಅಮೆರಿಕದ ಜೀನ್ ಏರ್ಸ್ ಅವರ ಇಂದ್ರಿಯ ಸಂಯೋಜನೆಯ ಸಿದ್ಧಾಂತ. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಇದಕ್ಕಿರುವ ಪುರಾವೆ ಸೀಮಿತ ಎಂಬುದನ್ನು ತಂದೆತಾಯಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ನಮಗೆ ಉಪಕಾರವಾದದ್ದು ದೀಪಗಳಿಂದಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಿಂತು, “ಆ ಫ್ಯಾನ್ ಒಮ್ಮೆ ಆರಿಸಿ ನೋಡೋಣ” ಎಂದ ಓಟಿಯಿಂದ.

ಅವನು ಚಿಕ್ಕವನಿದ್ದಾಗ ಇದೆಲ್ಲ ಮನೆಯೊಳಗಿನ ಮಾತಾಗಿತ್ತು. ಹದಿಮೂರಕ್ಕೆ ಬೆವರಿನ ವಾಸನೆ ಬದಲಾಗಿದೆ, ಅದು ಅವನಿಗೆ ತಿಳಿಯುವುದಿಲ್ಲ, ಲಿಫ್ಟಿನಲ್ಲಿರುವವರಿಗೆ ತಿಳಿಯುತ್ತದೆ. ಟ್ಯಾಂಕರಿನ ನೀರನ್ನು ಗುರುತಿಸುವ ಮೂಗಿಗೆ ತನ್ನದೇ ವಾಸನೆ ಯಾಕೆ ಹತ್ತುವುದಿಲ್ಲ ಎಂದು ಕೇಳಬೇಡಿ. ನಮ್ಮ ವಾಸನೆ ನಮಗೂ ಹತ್ತುವುದಿಲ್ಲ, ಯಾರೋ ಮುಖ ಸಿಂಡರಿಸಿದ್ದು ಕಂಡು ಎಚ್ಚೆತ್ತುಕೊಳ್ಳುತ್ತೇವೆ. ಸಿಂಡರಿಸಿದ ಮುಖವನ್ನು ಓದುವುದು ಅವನಿಗೆ ಬಾರದು. ಹೆಣ್ಣುಮಕ್ಕಳ ತಾಯಂದಿರ ಪಾಡು ಇನ್ನೂ ಮುಂದಿನದು. ನಮ್ಮಂಥ ತಾಯಂದಿರ ಗುಂಪಿನ ಒಬ್ಬಾಕೆ ಮಗಳು ದೊಡ್ಡವಳಾಗುವ ಎಷ್ಟೋ ಮುಂಚೆಯೇ ದಿನಕ್ಕೆ ಸ್ವಲ್ಪ ಹೊತ್ತು ಪ್ಯಾಡ್ ಹಾಕಿ ರೂಢಿ ಮಾಡಿಸಿದರು, ಆ ದಿನ ಬಂದಾಗ ರಕ್ತವೊಂದೇ ಹೊಸದಾಗಿರಲಿ ಎಂದು.

ನಾವು ಮಡಿ-ಮೈಲಿಗೆಯ ಮನೆಗಳಿಂದ ಬಂದವರು. ಈಗ ಮಡಿ ಬಿಟ್ಟಿದ್ದೇವೆ ಅನ್ನುತ್ತೇವೆ, ಆದರೆ ಸ್ನಾನ ಮಾಡದವನು ಸೋಮಾರಿ, ಹೆತ್ತವರು ಶಿಸ್ತು ಕಲಿಸದವರು ಎಂಬ ತೀರ್ಪು ಬಾಯಿಂದ ಇನ್ನೂ ಸಲೀಸಾಗಿ ಬರುತ್ತದೆ. ಹೊರನಾಡಿನಲ್ಲಿ ಇದು ಇನ್ನಷ್ಟು ಬಿಗಿ. ನಾಲ್ಕು ಜನ ಮರಾಠಿಗರೆದುರು ನಮ್ಮ ಮಕ್ಕಳು ಚೊಕ್ಕಟವಾಗಿ ಕಾಣಬೇಕಲ್ಲ! ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅವನನ್ನು ಕರೆತರುವುದೆಂದರೆ ಬಾಯ್ತುಂಬ ನಕ್ಕು ಕೆನ್ನೆ ಸವರುವ ಹಿರಿಯರು, ಮೈಕಿನ ಕೀರಲು, ಅತ್ತರು, ಮಲ್ಲಿಗೆ, ನಡುವೆ ಗಾಳಿ ಊದುವ ಹ್ಯಾಂಡ್ ಡ್ರೈಯರಿನ ಶೌಚಾಲಯ. ಸ್ಪೀಕರಿಗೆ ದೂರದ ಒಂದು ಸಣ್ಣ ಕೋಣೆ ತೆರೆದಿಡಿ, ಅಲ್ಲಿ ಊದುಬತ್ತಿ ಬೇಡ, ಮಗುವನ್ನು ಮುಟ್ಟುವ ಮುಂಚೆ ಒಮ್ಮೆ ಕೇಳಿ ಎಂದು ಸಂಘದ ಪದಾಧಿಕಾರಿಗಳಲ್ಲಿ ಬಿನ್ನವಿಸಿದ್ದೇನೆ. “ನೋಡೋಣ ಅಕ್ಕಾ” ಅಂದಿದ್ದಾರೆ. ಹಾಲ್ ಸಿಗುವುದೇ ಕಷ್ಟ ಎಂಬುದು ನನಗೂ ಗೊತ್ತು. ಅಷ್ಟಕ್ಕೂ ಜಗತ್ತೆಲ್ಲ ಅವನಿಗಾಗಿ ಫ್ಯಾನ್ ಆರಿಸಬೇಕೆಂದು ಕೇಳುವುದು ಸರಿಯೇ, ಅಥವಾ ಅವನೇ ಗುಂಯ್‌ಗುಡುವ ಫ್ಯಾನಿನ ಕೆಳಗೆ ಮೀಯುವುದನ್ನು ಕಲಿಯಬೇಕೇ? ಎರಡನ್ನೂ ನಾನು ನಂಬುತ್ತೇನೆ, ಬೇರೆ ಬೇರೆ ದಿನಗಳಲ್ಲಿ.

ಇನ್ನು ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದವರಿಗೂ ಪಾಲಕರನ್ನು ನೇಮಿಸಿಕೊಳ್ಳಬಹುದು. ಆ ಅರ್ಜಿಯ ಬಗ್ಗೆ ಯೋಚಿಸುವಾಗೆಲ್ಲ ನನಗೆ ಕಾಣುವುದು ಆಸ್ತಿಯಲ್ಲ, ಬ್ಯಾಂಕ್ ಪಾಸ್‌ಬುಕ್ಕಲ್ಲ. ನಾವಿಬ್ಬರೂ ಇಲ್ಲದ ಕಾಲಕ್ಕೆ ಅವನ ಬೆನ್ನಿಗೆ ಸಾಬೂನು ಹಚ್ಚುವವರು ಹನ್ನೆರಡು ತಂಬಿಗೆ ಎಣಿಸುತ್ತಾರೆಯೇ? ಮಗಳ ಮೇಲೆ ಆ ಹೊರೆ ಹೊರಿಸಬಾರದು ಎಂದು ನಾವು ಗಂಡಹೆಂಡತಿ ಮಾತಾಡಿಕೊಂಡಿದ್ದೇವೆ. ಅವಳು ಮಾತ್ರ ಆಗಲೇ ಟವೆಲನ್ನು ಗೀಸರಿನ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುವುದನ್ನು ಕಲಿತುಬಿಟ್ಟಿದ್ದಾಳೆ.

ಸದ್ಯದ ಚಿಂತೆ ಬೇರೆಯದು. ಮೇಲ್ದುಟಿಯ ಮೇಲೆ ಕರಿ ನವಿರು ಚಿಗುರಿದೆ. ಟ್ರಿಮ್ಮರಿನ ಕಂಪನ ಅವನಿಗಾಗದು, ಬ್ಲೇಡಿನ ತಣುಪೂ ಆಗದು, ಮೂಲೆಯ ಸಲೂನಿನ ಲೋಷನ್ ವಾಸನೆಯಂತೂ ಬಾಗಿಲಿನಿಂದಲೇ ಹೊರಗಟ್ಟುತ್ತದೆ. “ಇರಲಿ ಬಿಡು, ಮೀಸೆ ಬಿಡ್ತಾನೆ” ಎನ್ನುತ್ತಾರೆ ನನ್ನವರು. ಅನ್ನವೂ ನೆಗಡಿಯೂ ಅದಕ್ಕೆ ಹತ್ತಿ ಕೂತಾಗ ಒರೆಸುವವರು ಯಾರು ಎಂದು ನಾನು ಕೇಳುತ್ತೇನೆ. ಊಟವಾದ ಮೇಲೆ ಕನ್ನಡಿ ನೋಡಿಕೊಳ್ಳುವ ಚಿತ್ರವೊಂದನ್ನು ಬರೆದು ಅಂಟಿಸಿದ್ದೇವೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮೀಸೆ ಉಳಿದಿರುತ್ತದೋ ಇಲ್ಲವೋ, ಸಂಘದ ಸಭೆಯಲ್ಲಿ ಸಿಕ್ಕಾಗ ನೀವೇ ನೋಡಿ.